ಸೀದಾ ಹೋಗಲು ನಾಲ್ಕು ಲೈಟು

ಸತ್ತವರ ಸೂಚನೆ, ಅಗೋಚರ ಶಕ್ತಿ ಎಂಬ ಮಾತು ಬಂದರೆ ಎದ್ದು ಹೋಗುತ್ತಿದ್ದವನು ನಾನು. ಐಟಿಐಯಲ್ಲಿ ವಿದ್ಯುತ್ ಪಾಠ ಹೇಳುವುದು ನನ್ನ ಕೆಲಸ. ಸರ್ಕ್ಯೂಟ್ ಪೂರ್ತಿಯಾಗದೆ ಕರೆಂಟ್ ಹರಿಯುವುದಿಲ್ಲ ಎಂದು ಇಪ್ಪತ್ತು ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದೇನೆ. ಈಗಲೂ ಬರೆಯುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಹಿರಿಯಡ್ಕದಲ್ಲಿ ನಡೆದದ್ದನ್ನು ಬಚ್ಚಿಟ್ಟರೆ ನಾನು ಸುಳ್ಳುಗಾರನಾಗುತ್ತೇನೆ.

ಕಾರು ಅಪ್ಪನದು. ಅಪ್ಪನಿಗೊಂದು ಕೆಟ್ಟ ಅಭ್ಯಾಸವಿತ್ತು. ನಾಲ್ಕು ರಸ್ತೆ ಕೂಡುವಲ್ಲಿ ಸೀದಾ ಹೋಗಬೇಕಿದ್ದರೆ ಹಜಾರ್ಡ್ ಸ್ವಿಚ್ ಒತ್ತಿ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುತ್ತಿದ್ದರು. ನಮ್ಮ ಕಡೆ ಅರ್ಧ ಊರೇ ಹೀಗೆ ಮಾಡುತ್ತದೆ. ಅದು ಕೆಟ್ಟು ನಿಂತ ಗಾಡಿಯವರು ಹಾಕುವ ಲೈಟು ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. "ಎಡಕ್ಕೆ ಎಡದ್ದು, ಬಲಕ್ಕೆ ಬಲದ್ದು, ಸೀದಾ ಹೋಗ್ಲಿಕ್ಕೆ ನಾಲ್ಕೂ. ಇದರಲ್ಲಿ ಅರ್ಥ ಆಗದ್ದು ಎಂತ ಉಂಟು ಮಾರಾಯ?" ಎನ್ನುತ್ತಿದ್ದರು. ಒಂದು ದಿನ ಇದೇ ವಿಷಯಕ್ಕೆ ಜೋರು ಮಾತಾಗಿ ನಾನು ಅವರ ಕೈಯಿಂದ ಕೀ ಕಿತ್ತುಕೊಂಡೆ. ಆಮೇಲೆ ಅವರು ಕಾರು ಓಡಿಸಲಿಲ್ಲ, ಕೀ ಕೇಳಲೂ ಇಲ್ಲ. ಮರುವರ್ಷ ತೀರಿಕೊಂಡರು.

ಅವರ ವರ್ಷಾಂತಿಕ ಮುಗಿದ ಮೇಲೆ ಈ ಉಪದ್ರ ಶುರುವಾಯಿತು. ಸ್ವಿಚ್ ಮುಟ್ಟದೆಯೇ ನಾಲ್ಕೂ ಲೈಟು ಮಿನುಗತೊಡಗುತ್ತಿತ್ತು, ಅದೂ ರಸ್ತೆ ಕೂಡುವಲ್ಲಿ ಮಾತ್ರ. ಆಗ ಎಡ ಬಲದ ಇಂಡಿಕೇಟರ್ ಹಾಕಿದರೂ ಪ್ರಯೋಜನವಿರಲಿಲ್ಲ. ಫ್ಯೂಸ್ ಬದಲಿಸಿದೆ, ಸ್ವಿಚ್ ಬಿಚ್ಚಿ ಒರೆಸಿದೆ, ಅರ್ತ್ ವಯರಿನ ತುಕ್ಕು ಕೆರೆದೆ. ಸಂತೆಕಟ್ಟೆಯ ಎಲೆಕ್ಟ್ರಿಷಿಯನ್ ವಿಕ್ಟರನ ಹತ್ತಿರ ನಾಲ್ಕು ಸಲ ಕೊಂಡುಹೋದೆ. ಅವನ ಅಂಗಡಿಯ ಎದುರು ಈ ಹಾಳು ಕಾರು ಮದುಮಗಳ ಹಾಗೆ ತೆಪ್ಪಗಿರುತ್ತಿತ್ತು.

"ಜಂಕ್ಷನ್‌ನಲ್ಲಿ ಮಾತ್ರ ಅಂತೀರಿ. ಜಂಕ್ಷನ್ ಬಂತು ಅಂತ ವಯರಿಗೆ ಹೇಗೆ ಗೊತ್ತಾಗ್ತದೆ ಸರ್?" ಎಂದ ವಿಕ್ಟರ್.

"ಅದನ್ನೇ ನಾನು ನಿನ್ನ ಹತ್ತಿರ ಕೇಳ್ತಿರುವುದು ಮಾರಾಯ."

ಕೊನೆಗೊಂದು ಬೆಳಿಗ್ಗೆ ಅವನು ಫ್ಲಾಶರ್ ರಿಲೇಯನ್ನೇ ಕಿತ್ತು ನನ್ನ ಕೈಗೆ ಕೊಟ್ಟ. ಬೆಂಕಿಪೆಟ್ಟಿಗೆಯಷ್ಟು ಸಣ್ಣ ಡಬ್ಬಿ. ಲೈಟುಗಳನ್ನು ಮಿನುಗಿಸುವುದೂ ಅದೇ, ಟಿಕ್ ಟಿಕ್ ಎನ್ನುವುದೂ ಅದೇ. "ಹೊಸತು ನಾಳೆ ಹಾಕುವ. ಇವತ್ತು ಕೈ ತೋರಿಸಿ ತಿರುಗಿಸಿ" ಎಂದ. ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಆ ದಿನ ಕಾರ್ಕಳದಲ್ಲಿ ನೆಂಟರ ಮನೆಯ ಸೀಮಂತವಿತ್ತು. ಊಟ ಮುಗಿಸಿ ನಾನೂ ಅಮ್ಮನೂ ಹೊರಟಾಗ ಮೂರು ಗಂಟೆ. "ತಲೆ ಸ್ವಲ್ಪ ಭಾರ ಉಂಟು ಮಗ, ಮನೆಗೆ ಹೋಗಿ ಮಲಗ್ತೇನೆ" ಎಂದು ಅಮ್ಮ ಹಿಂದಿನ ಸೀಟಿನಲ್ಲಿ ಒರಗಿದಳು. ಬೈಲೂರು ದಾಟುವಾಗ ಕಣ್ಣು ಮುಚ್ಚಿದ್ದಳು. ಅವಳನ್ನು ಮನೆಯಲ್ಲಿ ಮಲಗಿಸಿ ನಾನು ಐಟಿಐಯ ಒಂದು ಮೀಟಿಂಗಿಗೆ ಓಡಬೇಕಿತ್ತು.

ಹಿರಿಯಡ್ಕದಲ್ಲಿ ಬಲಕ್ಕೆ ತಿರುಗಿದರೆ ನಮ್ಮ ಮನೆ, ಸೀದಾ ಹೋದರೆ ಮಣಿಪಾಲ. ವೇಗ ತಗ್ಗಿಸಿ ಬಲಗೈ ಹೊರಗೆ ಚಾಚಿದೆ. ಅಷ್ಟರಲ್ಲಿ ಟಿಕ್ ಟಿಕ್ ಶುರುವಾಯಿತು. ಡ್ಯಾಶ್‌ಬೋರ್ಡಿನಲ್ಲಿ ಎರಡೂ ಹಸಿರು ಬಾಣಗಳು ಮಿನುಗುತ್ತಿದ್ದವು. ಕೈ ಒಳಗೆಳೆದು ಜೇಬು ಮುಟ್ಟಿಕೊಂಡೆ. ರಿಲೇ ಅಲ್ಲೇ ಇತ್ತು, ಸದ್ದಿಲ್ಲದೆ.

ನನ್ನ ಕಣ್ಣಿನ ಭ್ರಮೆ ಎನ್ನೋಣವೆಂದರೆ, ಹಿಂದಿನ ಬಸ್ಸು ಹಾರನ್ ಹೊಡೆಯುತ್ತ ನನ್ನ ಬಲಕ್ಕೇ ನುಗ್ಗಿ ಬಂತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ನಾಲ್ಕು ಲೈಟ್ ಹಾಕಿದ ಮೇಲೆ ಸೀದಾ ಹೋಗಿ ಸರ್, ಎಂತಕ್ಕೆ ನಿಲ್ಲುವುದು?" ಎಂದು ಬೈದ. ಬಸ್ಸಿನ ಬೆನ್ನಿಗೆ ಲಾರಿ, ಲಾರಿಯ ಬೆನ್ನಿಗೆ ರಿಕ್ಷಾಗಳು. ಬಲಕ್ಕೆ ತಿರುಗಲು ಯಾರೂ ಬಿಡಲಿಲ್ಲ. ಇಡೀ ಊರಿಗೂ ಸತ್ತ ಅಪ್ಪನಿಗೂ ಶಾಪ ಹಾಕುತ್ತ ಸೀದಾ ಹೋದೆ. ತಿರುವು ದಾಟಿದ್ದೇ ಲೈಟು ನಿಂತಿತು.

ಅತ್ರಾಡಿಯ ಹತ್ತಿರ ಬದಿಗೆ ನಿಲ್ಲಿಸಿದೆ. ಆ ಸ್ವಿಚ್ಚನ್ನು ಕಿತ್ತು ರಸ್ತೆ ಬದಿಯ ತೋಡಿನ ನೀರಿಗೆ ಎಸೆಯುವಷ್ಟು ಸಿಟ್ಟು ಬಂದಿತ್ತು. ನಾನು ಇಷ್ಟು ಕೂಗಾಡಿದರೂ ಅಮ್ಮ ಒಂದು ಮಾತೂ ಆಡಲಿಲ್ಲವಲ್ಲ ಎಂದು ಹಿಂದೆ ನೋಡಿದೆ. ಅವಳ ಕಣ್ಣು ತೆರೆದಿತ್ತು. ಬಾಯಿ ಒಂದು ಬದಿಗೆ ಜೋತುಬಿದ್ದಿತ್ತು. ಮಾತಾಡಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ.

ಹತ್ತು ಹನ್ನೆರಡು ನಿಮಿಷದಲ್ಲಿ ಮಣಿಪಾಲದ ಆಸ್ಪತ್ರೆ ತಲುಪಿದೆವು. ಪಾರ್ಶ್ವವಾಯು, ಬೇಗ ತಂದದ್ದು ಒಳ್ಳೆಯದಾಯಿತು, ಮನೆಯಲ್ಲಿ ಹೀಗೇ ಮಲಗಿಸಿಬಿಟ್ಟಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ನಾನು ಜೇಬಿನ ಡಬ್ಬಿಯನ್ನು ಹಿಡಿದುಕೊಂಡು ಅತ್ತೆ.

ಹೊಸ ರಿಲೇ ಹಾಕಿದ ಮೇಲೆ ಆ ದೋಷ ಮತ್ತೆ ಬರಲಿಲ್ಲ. ಯಾವುದೋ ವಯರ್ ಎಲ್ಲೋ ತಾಗಿರಬೇಕು ಎಂದೆ. "ತಾಗಿದರೆ ಹೊತ್ತಿ ನಿಲ್ತದೆ ಸರ್, ಮಿನುಗುವುದಿಲ್ಲ" ಎಂದ ವಿಕ್ಟರ್. ಅದು ನಾನೇ ಕಲಿಸುವ ಪಾಠ. ಅಮ್ಮ ಈಗ ಕೋಲು ಹಿಡಿದು ನಡೆಯುತ್ತಾಳೆ, ನಿಧಾನವಾಗಿ ಮಾತಾಡುತ್ತಾಳೆ.

ಸೀದಾ ಹೋಗಲು ನಾಲ್ಕು ಲೈಟು ಹಾಕುವುದು ತಪ್ಪು. ಇವತ್ತಿಗೂ ತಪ್ಪೇ, ಯಾರು ಬೇಕಾದರೂ ಬಂದು ವಾದ ಮಾಡಲಿ. ವಾದ ಮಾಡಬೇಕಾದವರು ಮಾತ್ರ ಇಲ್ಲ, ಅವರ ಕಾರಿನ ಕೀ ನನ್ನ ಹತ್ತಿರವೇ ಉಳಿದಿದೆ.