ಹಿಂಬಾಗಿಲ ಕಾಕಾಗಳು

ಆಸ್ಪತ್ರೆ ಎಂದರೆ ಫಿನಾಯಿಲ್ ವಾಸನೆ ಎಂದು ನಂಬಿ ಬೆಳೆದವನು ನಾನು. ಇವತ್ತು ಬೆಳಿಗ್ಗೆ ಹೋಗಿ ಕೂತ ಆಸ್ಪತ್ರೆಯಲ್ಲಿ ಕಾಫಿಯ ವಾಸನೆ ಬರುತ್ತಿತ್ತು. ಮೂಲೆಯಲ್ಲೊಂದು ಯಂತ್ರ, ಗುಂಡಿ ಒತ್ತಿದರೆ ಗುರ್ ಅಂದು ನೊರೆ ಕಾಫಿ ಉಗುಳುತ್ತದೆ. ಸೋಫಾ ಎಷ್ಟು ಮೆತ್ತಗಿದೆಯೆಂದರೆ, ಕೂತವರು ಏಳಬೇಕಾದರೆ ಮೂಳೆ ಡಾಕ್ಟರೇ ಬರಬೇಕು. ಅವರಿಗೂ ಅಲ್ಲೇನೂ ಕೊರತೆಯಿಲ್ಲ. ಗೋಡೆಯ ಮೇಲಿನ ಪಟ್ಟಿಯಲ್ಲಿ ಮಂಡಿಗೊಬ್ಬರು, ಭುಜಕ್ಕೊಬ್ಬರು, ಬೆನ್ನಿಗಿಬ್ಬರು ಇದ್ದಾರೆ.

ಸ್ವಾಗತದ ಹುಡುಗಿ ಬಹಳ ಪ್ರೀತಿಯಿಂದ ಗುಜರಾತಿಯಲ್ಲಿ "ಅಂಕಲ್, ಪ್ರಾಬ್ಲಂ ಶು ಛೇ?" ಎಂದಳು. ಪ್ರಾಬ್ಲಂ ಏನೂ ಇಲ್ಲ, ಡಾಕ್ಟರ್ ಶೈಲಜಾ ಅವರನ್ನು ನೋಡಬೇಕು ಅಂದೆ. ಏನೂ ಇಲ್ಲ ಎಂಬುದನ್ನು ಅವಳ ಕಂಪ್ಯೂಟರ್ ಒಪ್ಪಲಿಲ್ಲವಂತೆ. ಪಾಪ, ಅವಳೇ ಯೋಚಿಸಿ 'ನಿಶ್ಶಕ್ತಿ' ಎಂದು ಬರೆದುಕೊಂಡಳು. ಹತ್ತು ನಿಮಿಷ ಕೂರಿ ಅಂದಳು. ನಾನು ಬಂದದ್ದು ಶೈಲಜಾಳ ಮುಂದೆ ಒಂದು ತಪ್ಪು ಒಪ್ಪಿಕೊಂಡು, ಒಂದು ಮಾತು ಕೇಳಿಕೊಳ್ಳಲು. ಅದೇನೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಸ್ವಲ್ಪ ಈ ಊರಿನ ಇನ್ನೊಂದು ತುದಿಯ ನರೋಡಾಕ್ಕೆ ಬರಬೇಕು.

ನಮ್ಮ ಮನೆ ಅಹಮದಾಬಾದಿನಲ್ಲಿ ಸಾಬರ್‌ಮತಿಯ ಪಶ್ಚಿಮಕ್ಕೆ. ತುಮಕೂರಿನಿಂದ ಬ್ಯಾಂಕು ಎತ್ತಿ ತಂದು ಇಲ್ಲಿ ಹಾಕಿತು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆವು. ಈ ಕಡೆ ಪ್ರತಿ ವೃತ್ತಕ್ಕೂ ಒಂದು ಆಸ್ಪತ್ರೆ. ನನ್ನ ಅಂಗಾಲಿಗೆ ಉರಿ ಶುರುವಾದಾಗ ಒಂದೇ ತಿಂಗಳಲ್ಲಿ ಐದು ಜನ ಡಾಕ್ಟರರನ್ನು ಕಂಡೆ. ರಕ್ತ, ನರ, ಎಲ್ಲ ಪರೀಕ್ಷೆಯಾಯಿತು. ಎಲ್ಲದರಲ್ಲೂ ನಾರ್ಮಲ್. ನಾರ್ಮಲ್ ಎಂಬ ಮಾತು ಕೇಳಿ ಮುಖ ಬಾಡಿಸಿಕೊಂಡು ಮನೆಗೆ ಬಂದವನು ಈ ಊರಲ್ಲಿ ನಾನೊಬ್ಬನೇ ಇರಬೇಕು. "ಚೆನ್ನಾಗಿದೀನಿ ಅಂದ್ರೆ ಬೇಜಾರು ಮಾಡ್ಕೊಳ್ಳೋ ಗಂಡಸನ್ನ ನಾನು ನೋಡಿಲ್ಲಪ್ಪ" ಎಂದು ನನ್ನ ಹೆಂಡತಿ ಸುಧಾ ಫೋನಿನಲ್ಲಿ ಅವಳ ತಂಗಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕಿವಿಯೂ ನಾರ್ಮಲ್ ಆಗಿದೆಯಲ್ಲ.

ಅಂಥ ಸಮಯದಲ್ಲಿ ಕನ್ನಡ ಸಂಘದ ಯುಗಾದಿ ಊಟದಲ್ಲಿ ಶೈಲಜಾ ಸಿಕ್ಕಳು. ಗದಗಿನವಳು, ಮೂವತ್ತರ ಆಸುಪಾಸು. ಗಂಡ ಇಲ್ಲಿಯ ಬಾಹ್ಯಾಕಾಶ ಸಂಶೋಧನೆಯಲ್ಲಿದ್ದಾನೆ, ಇವಳು ನರೋಡಾದ ಕಾರ್ಮಿಕರ ಡಿಸ್ಪೆನ್ಸರಿಯಲ್ಲಿ ಡಾಕ್ಟರು. ಆ ಸುದ್ದಿ ಪಂಕ್ತಿಯಲ್ಲಿ ಎಷ್ಟು ಬೇಗ ಹರಡಿತೆಂದರೆ, ಹೋಳಿಗೆ ಬಡಿಸುವಷ್ಟರಲ್ಲಿ ನಮ್ಮವರು ನಾಲ್ವರು ನಾಲಿಗೆ ತೋರಿಸಿಯಾಗಿತ್ತು. "ಕಾಕಾರ, ಮೊದಲ ಹೋಳಿಗಿ ತಿನ್ರಿ, ನಾಲಿಗಿ ಎಲ್ಲೆ ಹೋಗತದ?" ಅಂದಳು. ಅವಳಿಗಿಂತ ವಯಸ್ಸಾದ ಗಂಡಸರೆಲ್ಲ ಅವಳಿಗೆ ಕಾಕಾಗಳೇ.

ಮರುವಾರವೇ ನಾನು ಕಾರು ಹತ್ತಿದೆ. ನದಿ ದಾಟಿ, ರೈಲು ಹಳಿ ದಾಟಿ, ಮೂಗು ಮುಚ್ಚಿಕೊಂಡು ಕೆಮಿಕಲ್ ಕಾರ್ಖಾನೆಗಳ ಸಾಲು ದಾಟಿ, ಮುಕ್ಕಾಲು ಗಂಟೆ. ನನ್ನ ಪಕ್ಕದ ಬೀದಿಯಲ್ಲಿ ಐದು ಡಾಕ್ಟರರಿದ್ದರೂ ಯಾಕೆ ಹೋದೆ ಅಂತ ಕೇಳಬೇಡಿ. ನಮ್ಮ ಕಾಯಿಲೆ ನಮ್ಮ ಭಾಷೆಯಲ್ಲೇ ಹುಟ್ಟಿದ್ದು, ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅರ್ಧವೇ ವಾಸಿಯಾಗುತ್ತದೆ ಎಂಬುದು ನಮ್ಮ ಸಂಘದ ಎಲ್ಲರ ಖಚಿತ ಅಭಿಪ್ರಾಯವಾಗಿತ್ತು.

ಡಿಸ್ಪೆನ್ಸರಿಯ ಮುಂಬಾಗಿಲಲ್ಲಿ ಉದ್ದಕ್ಕೆ ಸಾಲು. ಹಿಂದುಗಡೆ ಬೇವಿನ ಮರದ ಅಂಗಳ, ಅಲ್ಲಿಂದ ಡಾಕ್ಟರ ಕೋಣೆಗೆ ಇನ್ನೊಂದು ಬಾಗಿಲು. ನಾನು ಪುಳಿಯೋಗರೆ ಡಬ್ಬಿ ಹಿಡಿದು ಹಿಂದುಗಡೆ ನಡೆದೆ. ಕಾಂಪೌಂಡರ್ ಜಶುಭಾಯಿ ಅಡ್ಡ ಬಂದ. "ಬೆನ್‌ನಾ ಕಾಕಾ" ಅಂದೆ, ಡಾಕ್ಟರಮ್ಮನ ಚಿಕ್ಕಪ್ಪ ಎಂಬ ಅರ್ಥದಲ್ಲಿ. ಗುಜರಾತಿನಲ್ಲಿ ಚಿಕ್ಕಪ್ಪನನ್ನು ಬಾಗಿಲಲ್ಲಿ ನಿಲ್ಲಿಸುವವರುಂಟೇ? ಒಳಗೆ ಬಿಟ್ಟ.

ಒಳಗೆ ಮೂರು ಕುರ್ಚಿಗಳಿದ್ದವು. ಮೂವರು ಡಾಕ್ಟರರು ಇರಬೇಕಾದ ಜಾಗವದು. ಎರಡು ಕುರ್ಚಿಗಳ ಮೇಲೆ ಹಳೆಯ ಫೈಲುಗಳು ಕೂತಿದ್ದವು, ಮೂರನೆಯದರಲ್ಲಿ ಶೈಲಜಾ. "ಉರಿ ಅಂದ್ರ ಹೆಂಗ್ರಿ ಕಾಕಾ? ಮೆಣಸಿನಕಾಯಿ ಹಚ್ಚಿದಂಗೋ, ಬಿಸಲಾಗ ಬರಿಗಾಲಲೆ ನಡದಂಗೋ?" ಅಂದಳು. ಅಯ್ಯೋ, ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಪ್ಪತ್ತೈದು ನಿಮಿಷ ಮಾತಾಡಿದೆ. ಉರಿಯಿಂದ ಶುರುವಾಗಿ ಉಷ್ಣಕ್ಕೆ, ಉಷ್ಣದಿಂದ ನಿದ್ದೆಗೆ, ನಿದ್ದೆಯಿಂದ ಬ್ಯಾಂಕಿನಲ್ಲಿ ನನಗೆ ತಪ್ಪಿದ ಬಡ್ತಿಗೆ ಹೋಗಿ ನಿಂತೆ. ಅವಳು ಎಲ್ಲ ಕೇಳಿ, ರಾತ್ರಿ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಅಂದಳು. ಮನೆಗೆ ಬಂದು ಹೇಳಿದರೆ ಸುಧಾ, "ಎಣ್ಣೆ ನಮ್ಮನೇಲೇ ಇತ್ತಲ್ರೀ" ಅಂದಳು.

ಅದಾದ ಮೇಲೆ ನಮ್ಮವರೆಲ್ಲ ಆ ಹಿಂಬಾಗಿಲು ಕಂಡುಕೊಂಡರು. ಒಬ್ಬರು ಚಟ್ನಿಪುಡಿ ತಂದರೆ ಇನ್ನೊಬ್ಬರು ಕೋಡುಬಳೆ. ಒಂದು ದಿನ ಜಶುಭಾಯಿ ತಲೆ ಕೆರೆದುಕೊಳ್ಳುತ್ತ, "ಸಾಹೇಬ್, ಬೆನ್ ಅವರ ಅಜ್ಜನಿಗೆ ಎಷ್ಟು ಜನ ಗಂಡುಮಕ್ಕಳು? ಇವತ್ತಿನವರು ಹನ್ನೊಂದನೆಯ ಕಾಕಾ" ಎಂದು ಕೇಳಿದ. ನಾನು ನಗುತ್ತ, ತುಂಬಿದ ಮನೆ ಮಾರಾಯಾ ಅಂದುಬಿಟ್ಟೆ.

ನಾನು ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಬ್ಯಾಂಕಿನ ಹಳೆಯ ಗ್ರಾಹಕರೊಬ್ಬರು ಮನೆಯ ಹತ್ತಿರ ದೊಡ್ಡ ಆಸ್ಪತ್ರೆ ಕಟ್ಟಿಸುತ್ತಿದ್ದರು. ಒಂದು ಮದುವೆಯಲ್ಲಿ ಸಿಕ್ಕಾಗ, "ಎಂಥ ಒಳ್ಳೆ ಡಾಕ್ಟರ್ ಗೊತ್ತೇ, ಪಾಪ ನರೋಡಾದಲ್ಲಿ ಸುಮ್ಮನೆ ವೇಸ್ಟ್ ಆಗ್ತಿದಾಳೆ" ಎಂದು ಹೇಳಿ ಶೈಲಜಾಳ ನಂಬರನ್ನು ಅವರ ಫೋನಿಗೆ ನಾನೇ ಹಾಕಿಕೊಟ್ಟೆ. ಹುಡುಗಿಗೆ ಉಪಕಾರ ಮಾಡಿದೆನೆಂದು ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಅವರು ಆಗ ಏನೂ ಮಾಡಲಿಲ್ಲ, ನಾನೂ ಮರೆತೆ.

ಆಮೇಲೊಂದು ಮಂಗಳವಾರ ನಾನು ಹೋದಾಗ ಚೀಟಿ ಬರೆಯುವವನು ರಜೆ ಹಾಕಿದ್ದ. ಶೈಲಜಾ ನನ್ನ ಕಾಲಿನ ಕಡೆ ನೋಡಲೇ ಇಲ್ಲ. "ಕಾಕಾ, ಬ್ಯಾಂಕಿನ್ಯಾಗ ಜನ್ಮಾ ಕಳದೀರಿ. ಇವತ್ತ ಹೊರಗ ಕುಂತು ಹೆಸರ ಬರಕೊಂಡ ಬಿಡ್ರಿ" ಅಂದಳು. ಹಾಗೆ ನಾನು ಮೊದಲ ಸಲ ಆ ಡಿಸ್ಪೆನ್ಸರಿಯನ್ನು ಮುಂಬಾಗಿಲ ಕಡೆಯಿಂದ ನೋಡಿದೆ.

ಏನು ತೊಂದರೆ ಎಂದು ಕೇಳಿದರೆ ಸಾಲಿನವರೆಲ್ಲ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಕೆಮ್ಮು. ತಲೆಸುತ್ತು. ಕೈ ಸುಟ್ಟಿದೆ. ಅಷ್ಟೇ. ಒಳಗೆ ಒಂದು ನಿಮಿಷವೋ ಎರಡೋ ಸಿಗುತ್ತದೆಂದು ಗೊತ್ತಿದ್ದವರು ಕಾಯಿಲೆಯನ್ನು ಮೊದಲೇ ಸಣ್ಣದು ಮಾಡಿಕೊಂಡು ಬರುತ್ತಾರೆ. ನನ್ನ ತಪ್ಪಿದ ಬಡ್ತಿ ನೆನಪಾಗಿ ನಾನು ತಲೆ ತಗ್ಗಿಸಿ ಬರೆದೆ.

ಹನ್ನೊಂದರ ಹೊತ್ತಿಗೆ ಸಾಲು ಇದ್ದಲ್ಲೇ ನಿಂತಿತು. ಬಾಗಿಲು ಮುಚ್ಚಿತ್ತು. ಐದು ನಿಮಿಷವಾಯಿತು, ಹತ್ತಾಯಿತು, ಇಪ್ಪತ್ತಾಯಿತು. ಏನಾಯಿತೋ ಎಂದು ಕಿವಿಗೊಟ್ಟರೆ, ಒಳಗೆ ನಮ್ಮ ಸಂಘದ ಮೂರ್ತಿಯವರ ದನಿ. ಹೆಂಡತಿಯನ್ನೂ ಕರೆದುಕೊಂಡು ಬಂದು, ಗೊಜ್ಜವಲಕ್ಕಿ ತಿಂದರೆ ತಮಗೆ ತೇಗು ಯಾವ ರೀತಿ ಬರುತ್ತದೆಂದು ವಿವರಿಸುತ್ತಿದ್ದರು. ಒಳಗಿದ್ದವರೆಲ್ಲ ನಕ್ಕರು. ಹೊರಗೆ ನಿಂತು ಕೇಳಿದರೆ ಆ ನಗು ಹೇಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಎದ್ದು ಹೋಗಿ ಮೂರ್ತಿಯವರನ್ನು ಬೈಯಬೇಕೆನಿಸಿತು, ಆದರೆ ಯಾವ ಮುಖ ಇಟ್ಟುಕೊಂಡು ಬೈಯಲಿ?

ಒಂದು ಗಂಟೆಗೆ ಜಶುಭಾಯಿ ಬಾಗಿಲು ಹಾಕಲು ಬಂದ. ಸಾಲಿನಲ್ಲಿ ಇನ್ನೂ ಇಪ್ಪತ್ತು ಜನರಿದ್ದರು. ಸಮಯವಾಯಿತು ಎಂದು ಅವರಿಗೆ ಹೇಳುವುದೂ ಚೀಟಿ ಬರೆಯುವವನ ಕೆಲಸವಂತೆ. ಮೊದಲಿಗೆ ನಿಂತಿದ್ದವಳು ಸವಿತಾಬೆನ್. ಅವಳ ಗಂಡ ಧುಳಜಿಭಾಯಿ ಬಣ್ಣದ ಕಾರ್ಖಾನೆಯಲ್ಲಿ ದುಡಿದವನು, ನೆಲದ ಮೇಲೆ ಕೂತು ಉಸಿರು ಎಳೆದುಕೊಳ್ಳುತ್ತಿದ್ದ. ದೊಡ್ಡಾಸ್ಪತ್ರೆಗೆ ಸೇರಿಸಿಕೊಳ್ಳಬೇಕಾದರೆ ಇಲ್ಲಿಯ ಡಾಕ್ಟರ ಚೀಟಿ ಬೇಕು. ಅದಕ್ಕಾಗಿ ಅವರು ಬರುತ್ತಿರುವುದು ಇದು ಮೂರನೆಯ ಸಲ. ನಾನು ಹೇಗೋ ಬಾಯಿ ಬಿಟ್ಟು, ಇವತ್ತಿಗೆ ಮುಗಿಯಿತು ಅಂದೆ.

ಅವಳು ಜಗಳಕ್ಕೆ ಬರಲಿಲ್ಲ. ನನ್ನನ್ನೇ ದಿಟ್ಟಿಸಿ ನೋಡಿ, ಗುರುತು ಹಿಡಿದು, "ಪಗೇ ಹವೇ ಕೇಮ್ ಛೇ, ಸಾಹೇಬ್?" ಅಂದಳು. ಕಾಲು ಈಗ ಹೇಗಿದೆ ಎಂದು. ಕಳೆದ ಸಲ ನಾನು ಒಳಗೆ ಕೂತಿದ್ದಾಗ, ಡಾಕ್ಟರಮ್ಮನ ಕಾಕಾಗೆ ಕಾಲಿನ ಕಾಯಿಲೆ, ಸ್ವಲ್ಪ ತಡವಾಗುತ್ತದೆ ಎಂದು ಜಶುಭಾಯಿ ಸಾಲಿಗೆಲ್ಲ ಹೇಳಿದ್ದನಂತೆ. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಒಳಗೆ ಹೋಗಿ ಶೈಲಜಾಗೆ ಹೇಳಿದೆ. ಅವಳು ಚೀಲ ಹೆಗಲಿಗೇರಿಸಿ ನಿಂತಿದ್ದಳು. "ನನಗೂ ಕಾಣಸತೈತ್ರಿ ಕಾಕಾ. ಆದ್ರ ಎರಡಕ್ಕ ನಾನು ಇನ್ನೊಂದ ಡಿಸ್ಪೆನ್ಸರಿಗೆ ಮುಟ್ಟಬೇಕು. ಅಲ್ಲೂ ಡಾಕ್ಟರ್ ಇಲ್ಲ, ಅದೂ ನನಗ ಬಿದ್ದೈತಿ. ಅಲ್ಲೆ ಇಷ್ಟ ಮಂದಿ ಕುಂತಿರತಾರ. ಈಗ ಬಸ್ ತಪ್ಪಿದ್ರ ಆತು."

"ನನ್ನ ಗಾಡಿ ಇದೆಯಲ್ಲಮ್ಮ. ಬಿಟ್ಟು ಬರ್ತೀನಿ. ಎಷ್ಟು ಹೊತ್ತು ಉಳಿಯುತ್ತೆ?"

"ಅರ್ಧಾ ತಾಸು" ಅಂದಳು. ಚೀಲ ಇಳಿಸಿ ಧುಳಜಿಭಾಯಿಯನ್ನು ಕರೆದಳು. ಅವನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವಾಗ ಅವಳ ಮುಖ ಗಟ್ಟಿಯಾಯಿತು. ಚೀಟಿ ಬರೆದು, ಇವತ್ತೇ ಹೋಗಿ ಅಂದಳು. ಆ ಅರ್ಧ ಗಂಟೆಯಲ್ಲಿ ಹನ್ನೆರಡು ಜನರನ್ನು ನೋಡಿದಳು. ದೊಡ್ಡಾಸ್ಪತ್ರೆ ಸೇರಿ ಧುಳಜಿಭಾಯಿ ಬದುಕಿಕೊಂಡ. ಆಮೇಲೆ ಬಾಯಿಗೆ ಪಂಪು ಇಟ್ಟುಕೊಂಡು ಮೆಟ್ಟಿಲು ಹತ್ತುವಷ್ಟಾದ, ಆದರೆ ತಿಂಗಳಿಗೊಮ್ಮೆ ಎದೆ ತೋರಿಸಬೇಕಿತ್ತು.

ಅಂದಿನಿಂದ ಮಂಗಳವಾರ, ಶುಕ್ರವಾರ ನಾನು ಡ್ರೈವರ್. ಸಂಘದವರಿಗೆ ಹಿಂಬಾಗಿಲು ಬಂದ್ ಎಂದು ಸಾರಿದೆ. ಮೂರ್ತಿಯವರು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಅವರ ತೇಗು ಏನಾಯಿತೋ ಕೇಳಲಿಲ್ಲ. ನನ್ನ ಕಾಲುರಿಯ ಕಡೆ ನನಗೂ ಗಮನವಿರಲಿಲ್ಲ, ಕ್ಲಚ್ಚು ಬ್ರೇಕಿನ ನಡುವೆ ಅದಕ್ಕೆ ಪುರುಸೊತ್ತು ಸಿಗಲಿಲ್ಲವೆಂದು ಕಾಣುತ್ತದೆ.

ಹೀಗೆ ವರ್ಷ ತುಂಬುವ ಹೊತ್ತಿಗೆ ಒಂದು ಶುಕ್ರವಾರ ಕಾರಿನಲ್ಲಿ ಶೈಲಜಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ಕಾಕಾ, ನಿಮ್ಮ ಮನಿ ಕಡೆ ಹೊಸಾ ಆಸ್ಪತ್ರಿಯವ್ರು ಕರದಾರ. ದಿನಕ್ಕ ಹದಿನೈದ ಮಂದಿ ನೋಡಿದ್ರ ಸಾಕಂತ. ಮಗಳು ಮಲಗಿದ ಮ್ಯಾಲೆ ಮನಿಗೆ ಹೋಗತೀನಿ, ಏಳೂದ್ರಾಗ ಬಂದಿರತೀನಿ. ಒಬ್ಬಾಕಿ ಎಷ್ಟಂತ ಜಗ್ಗಲಿ?" ನಾನು ಗೇರು ಬದಲಿಸಿದೆ. ಆ ನಂಬರು ಅವರಿಗೆ ಹೋದದ್ದು ಎಲ್ಲಿಂದ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. "ಹೋಗಮ್ಮ, ನಿನಗೂ ಮನೆ ಇದೆ" ಅಂದೆ. ಅದು ನಿಜವೇ. ಅವಳ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ.

ಅವಳು ಈ ಆಸ್ಪತ್ರೆಗೆ ಸೇರಿ ಈಗ ಎರಡು ತಿಂಗಳಾಯಿತು. ಮೂರನೆಯ ಕುರ್ಚಿಯ ಮೇಲೂ ಫೈಲುಗಳು ಬಂದು ಕೂತಿವೆ. ಗುರುವಾರ ಒಂದು ಗಂಟೆ ಯಾರೋ ಬಂದು ಹೋಗುತ್ತಾರಂತೆ. ಎರಡು ಗುರುವಾರ ನಿಂತರೂ ಧುಳಜಿಭಾಯಿಯ ಸರದಿ ಬರಲಿಲ್ಲ, ಅವನ ಉಸಿರು ಮತ್ತೆ ಕಟ್ಟುತ್ತಿದೆ. ನಿನ್ನೆ ಸವಿತಾಬೆನ್ ನನಗೆ ಫೋನ್ ಮಾಡಿ, ಡಾಕ್ಟರ್ ಬೆನ್ ಯಾವಾಗ ಬರುತ್ತಾರೆ ಎಂದು ಕೇಳಿದಳು. ಅದಕ್ಕೇ ಬೆಳಿಗ್ಗೆ ಎದ್ದವನೇ ಈ ಸೋಫಾದಲ್ಲಿ ಬಂದು ಹುದುಗಿದ್ದು.

ನನ್ನ ಹೆಸರು ಕರೆದರು. ಒಳಗೆ ಶೈಲಜಾ ಎದ್ದು ನಿಂತು ನಕ್ಕಳು. ಮೈ ಸ್ವಲ್ಪ ತುಂಬಿಕೊಂಡಿದೆ, ಕಣ್ಣ ಕೆಳಗಿನ ಕಪ್ಪು ಹೋಗಿದೆ. ನೋಡಿ ಸಂತೋಷವಾಯಿತು, ಹೇಳಬೇಕಾದ್ದು ಅದರಿಂದ ಇನ್ನೂ ಕಷ್ಟವಾಯಿತು. "ಇವರಿಗೆ ನಿನ್ನ ನಂಬರ್ ಕೊಟ್ಟೋನು ನಾನೇ ಕಣಮ್ಮ. ಅಲ್ಲಿ ನೀನು ವೇಸ್ಟ್ ಆಗ್ತಿದೀಯ ಅಂದಿದ್ದೆ" ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಅವಳು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದಳು.

"ಧುಳಜಿಭಾಯಿ ಹೆಂಗದಾನ್ರಿ?"

ಹೇಳಿದೆ. ಶನಿವಾರ ನಿನಗೆ ರಜೆ ಅಲ್ಲವೇ, ಬೆಳಿಗ್ಗೆ ಎರಡು ತಾಸು ಬರುತ್ತೀಯಾ, ಅವರ ವಠಾರದ ಜಗಲಿಯಲ್ಲೇ ಕೂತು ನೋಡಬಹುದು, ನಾನೇ ಕರೆದೊಯ್ದು ಕರೆತರುತ್ತೇನೆ ಎಂದೆ.

"ಬರತೀನಿ. ಎದಿ ನೋಡತೀನಿ, ಔಷಧಾ ಬರೀತೀನಿ. ಆದ್ರ ದೊಡ್ಡಾಸ್ಪತ್ರಿಗೆ ಚೀಟಿ ಕೊಡೂ ಅಧಿಕಾರ ಈಗ ನಂಗಿಲ್ಲ ಕಾಕಾ. ಅದಕ್ಕ ಆ ಕುರ್ಚಿ ಮ್ಯಾಲೆ ಒಬ್ಬರು ಕೂಡಬೇಕು. ಇದು ಅರ್ಧಾ ಕೆಲಸ, ನೆನಪಿರಲಿ."

ಅರ್ಧವೇ. ಅದನ್ನು ಹೊತ್ತುಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತೇ ಸವಿತಾಬೆನ್‌ಗೆ ಫೋನ್ ಮಾಡಿದೆ. ಮೊದಲು ನನ್ನ ತಪ್ಪು ಹೇಳಿಬಿಡಬೇಕೆಂದು ನಿಶ್ಚಯಿಸಿದ್ದೆ. ನನ್ನ ಮುರುಕು ಗುಜರಾತಿಯಲ್ಲಿ ಎಲ್ಲವನ್ನೂ ಹೇಳಿದೆ. ಮದುವೆ, ನಂಬರು, ನಾನು ಆಡಿದ ಆ ಮಾತು, ನಿಮ್ಮ ಡಾಕ್ಟರು ನಮ್ಮ ಕಡೆಗೆ ಬಂದದ್ದು ನನ್ನಿಂದ ಎಂಬುದು, ಕ್ಷಮಿಸಬೇಕು ಎಂಬುದು, ಶನಿವಾರ ಅವಳು ಬರುತ್ತಾಳೆ ಎಂಬುದು. ಫೋನಿನ ಆ ಕಡೆ ಧುಳಜಿಭಾಯಿ ಕೆಮ್ಮುವುದು ಕೇಳುತ್ತಿತ್ತು. ಬೈಯಲಿ ಎಂದು ಕಾದೆ.

"ಶನಿವಾರ ಎಷ್ಟು ಗಂಟೆಗೆ?" ಅಂದಳು.

ಒಂಬತ್ತಕ್ಕೆ ಅಂದೆ.