ಮಂಜುಗಡ್ಡೆಯ ಮೇಲೆ ನೈಲಾನ್ ಸೀರೆ

೨೦೦೨ರ ಜನವರಿ ಎಂದು ಬರೆಯುತ್ತಿದ್ದೇನೆ. ನನ್ನ ಹೆಂಡತಿ ನಸ್ರೀನ್ ಅದು ಮುಂದಿನ ವರ್ಷ ಎನ್ನುತ್ತಾಳೆ. ಅವಳು ಹೇಳುವುದೇ ಸರಿಯಿರಬಹುದು. ಇಷ್ಟು ಮಾತ್ರ ನೆನಪಿದೆ: ಅವಳಿ ಗೋಪುರಗಳು ಉರುಳಿದ ಮೇಲಿನ ಆ ದಿನಗಳಲ್ಲಿ ನಮ್ಮ ಮುಸ್ಲಿಂ ಹೆಸರು ಕೇಳಿದವರು ಅರೆಕ್ಷಣ ಸುಮ್ಮನಾಗಿ, ಆಮೇಲೆ ಅಗತ್ಯಕ್ಕಿಂತ ಹೆಚ್ಚು ನಗುತ್ತಿದ್ದರು.

ಡೆಟ್ರಾಯಿಟ್ ಹತ್ತಿರದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನಮ್ಮ ಮನೆ. ನಾನು ಹಾಸನದವನು, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿ ಕಾಯುತ್ತಿದ್ದೆ. ಈ ಹೊತ್ತಿನಲ್ಲಿ ಯಾವುದೇ ಕೇಸಿನಲ್ಲಿ, ಅದೆಷ್ಟೇ ಚಿಕ್ಕದಿರಲಿ, ನಿಮ್ಮ ಹೆಸರು ಬರಕೂಡದು ಎಂದು ವಕೀಲರು ಎಚ್ಚರಿಸಿದ್ದರು.

ಪಕ್ಕದ ಮನೆಯ ವಾಲ್ಟರ್ ಫ್ಯಾಕ್ಟರಿ ಕೆಲಸದಿಂದ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ವರ್ಷಗಟ್ಟಲೆ ಕೈಬೀಸಿದ್ದು ಬಿಟ್ಟರೆ ನಮ್ಮ ನಡುವೆ ಮಾತಿರಲಿಲ್ಲ. ಆ ಚಳಿಗಾಲ ಇದ್ದಕ್ಕಿದ್ದಂತೆ ನನ್ನನ್ನು ಮೀನು ಹಿಡಿಯಲು ಕರೆಯತೊಡಗಿದರು. ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದುಹೋಗಿ, ಬೈರಿಗೆಯಿಂದ ತೂತು ಕೊರೆದು, ಬೋರಲು ಹಾಕಿದ ಬಕೆಟ್ ಮೇಲೆ ಕೂತು ಗಾಳ ಬಿಡುವುದು. ಸಿಗುವುದು ಕ್ರಾಪಿ ಎಂಬ ಅಂಗೈಯಗಲದ ಮೀನು. ಕೂತಲ್ಲೇ ಅವರು ಒಂದೊಂದೇ ಕೇಳುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಎಲ್ಲಿಗೆ ಹೋಗುತ್ತೀಯ, ನಿಮ್ಮ ಮನೆಗೆ ಬರುವ ಗಡ್ಡದವರು ಯಾರು, ಊರಿಗೆ ಎಷ್ಟು ಸಲ ಫೋನ್ ಮಾಡುತ್ತೀಯ. ಹೊತ್ತು ಕಳೆಯಲು ಕೇಳುವ ಮಾತುಗಳೇ ಇರಬಹುದು. ಆದರೆ ಆ ವರ್ಷ ಅಂಥ ಮಾತುಗಳಿಗೆ ಬೇರೆ ಕಿವಿಯೂ ಇರುತ್ತಿತ್ತು.

ನಸ್ರೀನ್ ಮೊದಲ ದಿನವೇ ಹೇಳಿದ್ದಳು: “ಇಷ್ಟು ಮನೆ ಇರುವಾಗ ನಿಮ್ಮನ್ನೇ ಯಾಕೆ ಕರೀತಾನೆ ಆ ಮುದುಕ? ಅವನು ಮೀನು ಹಿಡೀತಿದಾನೋ ನಿಮ್ಮನ್ನ ಹಿಡೀತಿದಾನೋ, ಸ್ವಲ್ಪ ನೋಡ್ಕೊಳ್ಳಿ.”

ಮುಚ್ಚಿಟ್ಟರೆ ಸಂಶಯ ಹೆಚ್ಚಾದೀತು ಎಂದು ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ. ವಕೀಲರು ಹೇಳಿದ್ದನ್ನೂ ಹೇಳಿದೆ. ವಾಲ್ಟರ್ ತಲೆಯಾಡಿಸಿ ಗಾಳದ ಕಡೆ ನೋಡಿದರು.

ಕ್ರಿಸ್‌ಮಸ್ ಮುಗಿದ ಮೇಲೆ ನಮ್ಮ ಬಡಾವಣೆಯಲ್ಲಿ ಎಲ್ಲರೂ ಹಬ್ಬದ ಮರಗಳನ್ನು ಕಸದ ಜೊತೆ ರಸ್ತೆಯಂಚಿಗೆ ಎಸೆಯುತ್ತಾರೆ. ಅವನ್ನು ಆರಿಸಿ ತರೋಣ ಎಂದರು ವಾಲ್ಟರ್. ಬುಡಕ್ಕೆ ಸಿಮೆಂಟ್ ಇಟ್ಟಿಗೆ ಕಟ್ಟಿ ಮಂಜುಗಡ್ಡೆಯ ಮೇಲೆ ಬಿಟ್ಟು ಬಂದರೆ ಸಾಕು. ಕರಗಿದಾಗ ತಾವೇ ಮುಳುಗುತ್ತವೆ. ಕೊಂಬೆಗಳ ನಡುವೆ ಮರಿಮೀನುಗಳು ಅಡಗುತ್ತವೆ, ಅವನ್ನು ಹುಡುಕಿಕೊಂಡು ಕ್ರಾಪಿ ಬರುತ್ತವೆ. ಅವರ ಹಗ್ಗ ಚಳಿಗೆ ಸೆಟೆದು ಗಂಟೇ ನಿಲ್ಲುತ್ತಿರಲಿಲ್ಲ. ನಮ್ಮ ಕಡೆ ತೊಟ್ಟಿಲಿಂದ ಹಿಡಿದು ಟೊಮೆಟೊ ಗಿಡದವರೆಗೆ ಕಟ್ಟಲು ಹಳೆ ನೈಲಾನ್ ಸೀರೆಯೇ ತಾನೆ? ನಸ್ರೀನ್ ಗೊಣಗುತ್ತಲೇ ಒಂದನ್ನು ಕೊಟ್ಟಳು. ಹಸಿರು, ಮೇಲೆ ಹಳದಿ ಹೂವು. ಅರ್ಧವನ್ನು ಉದ್ದಕ್ಕೆ ಸೀಳಿ ಕಟ್ಟಿದೆವು. ಉಳಿದರ್ಧ ವಾಲ್ಟರ್ ಗ್ಯಾರೇಜಿನಲ್ಲೇ ಉಳಿಯಿತು.

ಅವರ ಪಿಕಪ್‌ನಲ್ಲಿ ಮರಗಳನ್ನು ಹೇರಿಕೊಂಡು ಹೋದೆವು. ಕೆರೆಯ ನಡುವಿಗೆ ಜಾರುಬಂಡಿಯಲ್ಲಿ ಎಳೆದುಹಾಕಿದ ಮೇಲೆ ನಾನು ಸ್ವಲ್ಪ ದೂರದಲ್ಲಿ ಗಾಳ ಬಿಟ್ಟು ಕೂತಿದ್ದೆ. ದಡದಿಂದ ಸಮವಸ್ತ್ರದ ಅಧಿಕಾರಿಯೊಬ್ಬ ನೇರ ವಾಲ್ಟರ್ ಕಡೆಗೇ ನಡೆದುಬಂದ. ಅಷ್ಟು ಜನ ಮೀನು ಹಿಡಿಯುತ್ತಿದ್ದರೂ ಯಾರ ಕಡೆಗೂ ತಿರುಗಲಿಲ್ಲ. ಮೊದಲೇ ಗೊತ್ತಿದ್ದವನಂತೆ ಬಂದ ಎಂದು ನನಗನ್ನಿಸಿತು. ಅನುಮತಿ ಇಲ್ಲದೆ ಕೆರೆಗೆ ಏನನ್ನೂ ಹಾಕುವಂತಿಲ್ಲ ಎಂದು ಅವನು ಹೇಳುವುದು ಕೇಳಿಸಿತು. ನನಗದು ಗೊತ್ತೇ ಇರಲಿಲ್ಲ. ವಾಲ್ಟರ್‌ಗೆ ಗೊತ್ತಿತ್ತೇ?

ಅಧಿಕಾರಿ ನನ್ನ ಕಡೆ ಗದ್ದ ಎತ್ತಿ ಏನೋ ಕೇಳಿದ. ವಾಲ್ಟರ್ ನನ್ನತ್ತ ತಿರುಗಿಯೂ ನೋಡದೆ ಹೇಳಿದರು: “ಅವನು ಯಾರೋ ನನಗೆ ಗೊತ್ತಿಲ್ಲ.”

ಆಮೇಲೆ ಅಧಿಕಾರಿ ಬಗ್ಗಿ ಮರಕ್ಕೆ ಕಟ್ಟಿದ್ದ ಹಸಿರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಇದೇನು ಎಂದು ಕೇಳಿದ. ಗಾಳಿ ಜೋರಾಗಿತ್ತು, ನನ್ನ ಟೋಪಿ ಕಿವಿ ಮುಚ್ಚಿತ್ತು. “ನನ್ನ ಹೆಂಡತಿಯ ಹಳೆ ಕರ್ಟನ್” ಎಂದು ವಾಲ್ಟರ್ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಈಗ ಹಾಗೆ ಬರೆಯುತ್ತಿದ್ದೇನೆ.

ಅಧಿಕಾರಿ ನನ್ನ ಬಳಿ ಬಂದು ಮೀನು ಹಿಡಿಯುವ ಲೈಸೆನ್ಸ್ ಮಾತ್ರ ನೋಡಿ ವಾಪಸ್ ಕೊಟ್ಟ. ವಾಲ್ಟರ್ ಕೈಗೆ ದಂಡದ ಚೀಟಿ ಕೊಟ್ಟು, ಮರಗಳನ್ನೆಲ್ಲ ಮತ್ತೆ ಪಿಕಪ್‌ಗೆ ಹೇರಿಸಿದ. ವಾಲ್ಟರ್ ಗಾಡಿ ಸ್ಟಾರ್ಟ್ ಮಾಡಿ ಹೊರಟೇಹೋದರು. ಒಮ್ಮೆಯೂ ತಿರುಗಲಿಲ್ಲ. ಬರುತ್ತಾರೆಂದು ಪಾದ ಮರಗಟ್ಟುವವರೆಗೆ ಕಾದೆ. ಆಮೇಲೆ ಗ್ಯಾಸ್ ಸ್ಟೇಷನ್‌ಗೆ ನಡೆದು ನಸ್ರೀನ್‌ಗೆ ಫೋನ್ ಮಾಡಿದೆ. ಅಷ್ಟು ಮೈಲಿ ಡ್ರೈವ್ ಮಾಡಿಕೊಂಡು ಬಂದ ಅವಳು ಹೀಟರ್ ನನ್ನ ಕಡೆ ತಿರುಗಿಸಿ, ನಡೆದದ್ದನ್ನು ನನ್ನಿಂದ ಕೇಳಿ, ಒಂದೇ ಮಾತು ಹೇಳಿದಳು: “ಗೊತ್ತಿಲ್ಲ ಅಂದ್ನಾ? ಆಯ್ತು ಬಿಡಿ, ನಮಗೂ ಅವನು ಗೊತ್ತಿಲ್ಲ.”

ಮರುದಿನ ನನ್ನ ಬಳಿ ಉಳಿದ ತಮ್ಮ ಬಕೆಟ್ ಕೇಳಲು ವಾಲ್ಟರ್ ನಮ್ಮ ಬಾಗಿಲು ತಟ್ಟಲಿಲ್ಲ, ಕೊಡಲು ನಾನೂ ಹೋಗಲಿಲ್ಲ. ಆ ಕೇಸಿನಲ್ಲಿ ನನ್ನ ಹೆಸರು ಎಲ್ಲೂ ಬರಲಿಲ್ಲ. ಗ್ರೀನ್ ಕಾರ್ಡ್ ಕೊನೆಗೆ ಬಂತು. ನನ್ನನ್ನು ಉಳಿಸಲೆಂದೇ ಅವರು ಹಾಗೆ ಅಂದರೇ, ಅಥವಾ ನನ್ನಂಥವನ ಜೊತೆ ಸಿಕ್ಕಿಬಿದ್ದರೆ ತನಗೇ ತೊಂದರೆ ಎಂದು ಅಂದರೇ? ಎರಡಕ್ಕೂ ಮಾತು ಒಂದೇ ಸಾಕಾಗುತ್ತಿತ್ತು. ಮುಂದಿನ ಚಳಿಗಾಲಗಳಲ್ಲಿ ಕೆರೆಯ ಮೇಲೆ ಸಿಕ್ಕರೆ ಅವರು ತಲೆಯಾಡಿಸುತ್ತಿದ್ದರು. ದಡದಲ್ಲಿ ಯಾವುದಾದರೂ ಸರ್ಕಾರಿ ಗಾಡಿ ನಿಂತರೆ ಬಕೆಟ್ ಎತ್ತಿಕೊಂಡು ಇನ್ನಷ್ಟು ದೂರ ಹೋಗಿ ಕೂರುತ್ತಿದ್ದರು.

ಕೆಲವು ವರ್ಷಗಳಾದ ಮೇಲೆ ಅವರು ಮನೆ ಮಾರಿ ಮಗಳ ಊರಿಗೆ ಹೊರಟರು. ಸಾಮಾನು ಹೇರಲು ನಾನೂ ನಸ್ರೀನೂ ಹೋದೆವು. ಗ್ಯಾರೇಜಿನೊಳಗೆ ನಾನು ಕಾಲಿಟ್ಟಿದ್ದು ಆ ಮರಗಳ ದಿನದ ನಂತರ ಅದೇ ಮೊದಲು. ಪಕ್ಕದ ಗೋಡೆಯ ಕಿಟಕಿಗೆ ಉಳಿದರ್ಧ ಸೀರೆಯನ್ನು ಮೊಳೆ ಹೊಡೆದು ತೂಗುಹಾಕಿದ್ದರು. ಇದು ಯಾವಾಗ ಹಾಕಿದಿರಿ ಎಂದು ಕೇಳಿದೆ. ಕಿಟಕಿಗೆ ಏನಾದರೂ ಬೇಕಿತ್ತಲ್ಲ ಎಂದು ಹೇಳಿ ವಾಲ್ಟರ್ ಇನ್ನೊಂದು ಪೆಟ್ಟಿಗೆ ಎತ್ತಿಕೊಂಡರು. ಅಧಿಕಾರಿ ಮನೆಗೆ ಬಂದು ನೋಡಿದರೆ ಇರಲಿ ಎಂದು ಸುಳ್ಳಿಗೆ ಸಾಕ್ಷಿ ಮಾಡಿಟ್ಟಿದ್ದರೇ, ಅಥವಾ ಆ ಕಡೆಗೇ ಇರುವ ನಮ್ಮ ಮನೆ ಕಾಣದಿರಲಿ ಎಂದೇ?

ಹೊರಗೆ ಬಂದ ಮೇಲೆ ನಾನು ಕರ್ಟನ್ ಮಾತು ನೆನಪಿಸಿದೆ. ನಸ್ರೀನ್ ನಿಂತುಬಿಟ್ಟಳು. “ಅವತ್ತು ಕಾರಲ್ಲಿ ನೀವು ಕರ್ಟನ್ ವಿಷಯ ಹೇಳಲೇ ಇಲ್ಲ. ಈಗ ಕಿಟಕಿ ನೋಡಿ ಸೇರಿಸ್ತಿದೀರ.”

ಇದ್ದರೂ ಇರಬಹುದು. ನನ್ನ ಕಿವಿಯನ್ನು ನಾನು ನಂಬುವುದಿಲ್ಲ. ಮತ್ತೆ ಒಳಗೆ ಹೋಗಿ ಆ ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ಗಾಜಿನ ಕಡೆಯ ಹಳದಿ ಹೂವುಗಳೆಲ್ಲ ಮಾಯವಾಗಿದ್ದವು. ಮಡಿಕೆಯೊಳಗೆ ಮಾತ್ರ ಹಸಿರು ಉಳಿದಿತ್ತು. ಮೊಳೆಗಳ ಸುತ್ತ ತುಕ್ಕು ಬಟ್ಟೆಗೆ ಇಳಿದಿತ್ತು. ಅಷ್ಟು ಬಣ್ಣ ಹೋಗಲು ಒಂದೆರಡು ಬೇಸಿಗೆ ಸಾಲದು; ಆ ಚಳಿಗಾಲದಿಂದಲೇ ಅದು ಅಲ್ಲಿ ತೂಗುತ್ತಿದ್ದಿರಬೇಕು.