ತಲೆಬರಹದಲ್ಲಿ ನನ್ನ ಬೊಗಸೆ

ಅವರ ಕುತ್ತಿಗೆ ಎಡಕ್ಕೆ ವಾಲಿತ್ತು. ಕಾಳು ನೋಡುವ ಕೋಳಿಯ ಹಾಗೆ ಒಂದೇ ಕಣ್ಣನ್ನು ಕಾಗದದ ಹತ್ತಿರ ತಂದು ಅಕ್ಷರ ನೋಡುತ್ತಿದ್ದರು. ಕುಷ್ಟಗಿಯಲ್ಲಿ ನಮ್ಮ ಓಣಿಯಿಂದಲೇ ಅವರ ವಾರಪತ್ರಿಕೆ ಹೊರಡುತ್ತಿತ್ತು. ಸಂಪಾದಕರೂ ಅವರೇ, ಹಂಚುವವರೂ ಅವರೇ. ಚಹಾ ಮಾತ್ರ ಅರ್ಧ ಕಪ್ಪೇ ಕೊಡುತ್ತಿದ್ದರು. ಅವರು ನನಗೆ ಅಕ್ಕಾರ ಎನ್ನುತ್ತಿದ್ದರು, ನಾನು ಅಣ್ಣಾರ ಎನ್ನುತ್ತಿದ್ದೆ. ಯಾರು ಹಿರಿಯರೆಂದು ಇಬ್ಬರೂ ಕೇಳಲಿಲ್ಲ.

ತಲೆಬರಹದ ವಿಷಯದಲ್ಲಿ ಅವರದು ದೊಡ್ಡ ಹಟ. ಅಂಕಿ ಕೂಡದು. ಅಳತೆಯನ್ನು ಅಕ್ಷರದಲ್ಲಿ ಪೂರ್ತಿ ಬರೆಯಬೇಕು. ಶಬ್ದಗಳ ನಡುವೆ ಸಣ್ಣ ಅಡ್ಡಗೆರೆ ಕಂಡರೆ ಮುಖ ಹುಳಿ ಮಾಡುತ್ತಿದ್ದರು. "ತಲಿಬರಹದಾಗ ಕಡ್ಡಿ ಇಡಬ್ಯಾಡ್ರಿ, ಓದೋರ ಕಾಲಿಗೆ ತೊಡರತೈತಿ."

ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಅವರೇ ಗಂಟುಬಿದ್ದು ಮಾವಿನ ಉಪ್ಪಿನಕಾಯಿಯ ಬಗ್ಗೆ ಬರೆಸಿದರು. ಉಪ್ಪು ಒಂದು ಬೊಗಸೆ ಎಂದು ಬರೆದಿದ್ದೆ. ಬೊಗಸೆ ಎಂದರೆ ಮಂದಿ ನಗುತ್ತಾರೆಂದು ಸೊಸೆ ಅದನ್ನು ಹೊಡೆದುಹಾಕಿ, ಮೇಲೆ ತಲೆಬರಹವಾಗಿ "ಮಾವು-10, ಉಪ್ಪು-100 ಗ್ರಾಂ" ಎಂದು ಬರೆದುಕೊಟ್ಟಳು.

ಅವರು ಒಂದು ಕಣ್ಣಿನಿಂದ ನೋಡಿದರು. "ಇದೇನು ಹೊಲದ ಪಹಣಿ ಏನ್ರಿ ಅಕ್ಕಾರ? ಉಪ್ಪು ನೀವ ತೂಗಿದ್ರೇನು?"

"ಇಲ್ರಿ. ಸೊಸಿ ಅಂದಾಜಿಲೆ ಹೇಳ್ಯಾಳ. ನಾ ಹಾಕೋದು ಬೊಗಸಿ."

"ಯಾರ ಬೊಗಸಿ?"

ಎದ್ದು ಹೋಗಿ ಹರಳುಪ್ಪು ತಂದರು. ನಾನು ಬೊಗಸೆ ತುಂಬಿದೆ, ಅವರ ಹೆಂಡತಿಯೂ ತುಂಬಿದಳು. ಎರಡನ್ನೂ ಪಕ್ಕದ ಕಿರಾಣಿ ಅಂಗಡಿಯಲ್ಲಿ ತೂಗಿಸಿದರು. ಅವಳದು ಕಡಿಮೆ. ನನ್ನದು ಸೊಸೆಯ ಲೆಕ್ಕದ ಎರಡೂವರೆ ಪಟ್ಟು. ಸೊಸೆಯ ಲೆಕ್ಕವೇ ಅಚ್ಚಾಗಿದ್ದರೆ ಉಪ್ಪು ಸಾಲದೆ ಓದಿದವರ ಭರಣಿಗಳೆಲ್ಲ ಬೂಸಲು ಹಿಡಿದು, ಬೈಗುಳ ನನ್ನ ಹೆಸರಿಗೆ ಬರುತ್ತಿತ್ತು.

"ಪೇಪರ್ ಮಾಡಂದ್ರ ಉಪ್ಪು ತೂಗಾಕ ಹತ್ಯಾರ ನೋಡ್ರಿ" ಎಂದು ಅವರ ಹೆಂಡತಿ ಗೊಣಗಿದಳು. ಅಷ್ಟರಲ್ಲಿ ಗಂಗಾವತಿಯ ಪ್ರೆಸ್ಸಿನಲ್ಲಿ ಸರದಿ ತಪ್ಪಿ, ಪತ್ರಿಕೆ ಒಂದು ದಿನ ತಡವಾಯಿತು.

"ಮಂದಿ ಒಂದ ದಿನ ಕಾದ್ರ ಸಾಯಂಗಿಲ್ಲ" ಎಂದರು ಅವರು. "ತೂಕ ಒಳಗ ಬರೀತೀನಿ. ತಲಿ ಮ್ಯಾಲ ನಿಮ್ಮ ಬೊಗಸಿನ ಇರಲಿ. ಕೈ ಯಾರದಂತ ಗೊತ್ತಾಗಬೇಕು."

"ಹತ್ತು ಮಾವಿನಕಾಯಿಗೆ ಒಂದು ಬೊಗಸೆ ಉಪ್ಪು" ಎಂದು ಅಚ್ಚಾಯಿತು. ಕೆಳಗೆ ನನ್ನ ಹೆಸರು. ಆ ವರ್ಷ ಯಾರೂ ಬೈಯಲಿಲ್ಲ. ಯಲಬುರ್ಗಾದಿಂದ ಒಬ್ಬಾಕೆ ಮನೆ ಹುಡುಕಿಕೊಂಡು ಬಂದು, ನನ್ನ ಕೈ ನೋಡಬೇಕೆಂದಳು. ತೋರಿಸಿದೆ. ಅದರಲ್ಲಿ ನೋಡುವುದೇನಿದೆಯೋ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಸರಿದರು. ನಾನು ಎರಡೂ ಕೈ ಕೂಡಿಸಿ ಬಾಗಿದೆ.

"ಒಂದ ಹಿಡಿ ಸಾಕ್ರಿ ಅಕ್ಕಾರ" ಎಂದಳು ಅವರ ಹೆಂಡತಿ.

"ನನ್ನ ಅಳತಿ ಅವರಿಗೆ ಗೊತ್ತೈತಿ, ತಂಗಿ. ಕಡಿಮಿ ಹಾಕಿದ್ರ ಒಪ್ಪಂಗಿಲ್ಲ."

ತುಂಬಿದ ಬೊಗಸೆಯನ್ನೇ ಹಾಕಿ ಬಂದೆ.